ಹಳೇ ಮಿಲ್ಲಿಂಗ್ ಯಂತ್ರ, ಹಿತ್ತಲ ಶೆಡ್ಡು

ವರ್ಟಿಕಲ್ ಮಿಲ್ಲಿಂಗ್ ಯಂತ್ರದಲ್ಲಿ ತಿರುಗುವುದು ಕಟ್ಟರ್. ಕೆಲಸದ ವಸ್ತು, ವರ್ಕ್‌ಶಾಪಿನ ಮಾತಿನಲ್ಲಿ ಜಾಬ್, ಮೇಜಿಗೆ ಬಿಗಿದ ವೈಸಿನಲ್ಲಿ ಕೂತಿರುತ್ತದೆ. ಮೇಜು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಸರಿದು ಜಾಬನ್ನು ಕಟ್ಟರಿನ ಬಾಯಿಗೆ ಒಡ್ಡುತ್ತದೆ. ಲೇತಿನಲ್ಲಿ ಇದು ತಿರುವುಮುರುವು: ಅಲ್ಲಿ ಜಾಬ್ ತಿರುಗುತ್ತದೆ, ಟೂಲ್ ತಿರುಗದೆ ಸರಿಯುತ್ತದಷ್ಟೇ. ಹೀಗಾಗಿ ಗುಂಡಗಿನದೆಲ್ಲ ಲೇತಿನ ಪಾಲು. ಚಪ್ಪಟೆ ಮುಖ, ಚೌಕ, ಸ್ಲಾಟು, ಒಂದಕ್ಕೊಂದು ಲೆಕ್ಕವಿಟ್ಟು ಕೊರೆಯಬೇಕಾದ ತೂತುಗಳು ಮಿಲ್ಲಿಂಗಿನ ಪಾಲು. 25 ಮಿ.ಮೀ. ಶಾಫ್ಟಿಗೆ ಪುಲ್ಲಿ ಕೂರಿಸಬೇಕಾದರೆ 8 ಮಿ.ಮೀ. ಅಗಲ, 4 ಮಿ.ಮೀ. ಆಳದ ಕೀವೇ, ಅಂದರೆ ಕೀ ಕೂರುವ ಗಾಡಿ, ಬೇಕು. ಲೇತೊಂದೇ ಇರುವಲ್ಲಿ ಇದನ್ನು ಉಳಿ, ಅರ ಹಿಡಿದು ಕೆತ್ತುತ್ತಾರೆ. ಇಲ್ಲವೇ ಶಾಫ್ಟನ್ನು ಬಸ್ಸಿಗೆ ಹಾಕಿ ಪಟ್ಟಣಕ್ಕೆ ಕಳಿಸುತ್ತಾರೆ. ಮಿಲ್ಲಿಂಗ್ ಯಂತ್ರದಲ್ಲಿ ಅದು ಹತ್ತು ಹದಿನೈದು ನಿಮಿಷದ ಕೆಲಸ.

ದಾವಣಗೆರೆ ಜಿಲ್ಲೆಯ ತಾಲ್ಲೂಕು ಊರುಗಳಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಚನ್ನಗಿರಿ ಅಡಿಕೆಯ ಊರು. ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇರುವುದು ಅಲ್ಲೇ. ಕೊಯ್ಲು ಶುರುವಾದರೆ ಅಡಿಕೆ ಸುಲಿಯುವ ಯಂತ್ರಗಳ ಶಾಫ್ಟು, ರೋಲರು, ಬೇರಿಂಗ್ ಹೌಸಿಂಗುಗಳು ಸಾಲುಗಟ್ಟಿ ರಿಪೇರಿಗೆ ಬರುತ್ತವೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲೂ ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲೂ ಭತ್ತ, ಮೆಕ್ಕೆಜೋಳದ ಒಕ್ಕಣೆ ಯಂತ್ರಗಳು, ಟಿಲ್ಲರುಗಳು. ಮಳೆ ಕಡಿಮೆಯ ಜಗಳೂರಿನಲ್ಲಿ ಬೋರ್‌ವೆಲ್ ಪಂಪುಗಳು. ರಸ್ತೆಬದಿಯಲ್ಲಿ ಲೇತ್ ಮತ್ತು ವೆಲ್ಡಿಂಗ್ ಬೋರ್ಡುಗಳು ಕಣ್ಣಿಗೆ ಬೀಳುವಷ್ಟು ಮಿಲ್ಲಿಂಗ್ ಬೋರ್ಡುಗಳು ಬೀಳುವುದಿಲ್ಲ. ಮನೆಯ ಹಿತ್ತಲಲ್ಲಿ ಶೆಡ್ಡು ಹಾಕಿ ಲೇತ್, ವೆಲ್ಡಿಂಗ್ ಸೆಟ್, ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡವರ ಮುಂದಿನ ಕನಸು ಸಾಮಾನ್ಯವಾಗಿ ಒಂದು ಮಿಲ್ಲಿಂಗ್ ಯಂತ್ರ. ಹೊಸದರ ಬೆಲೆ ಕೇಳಿದ ಮೇಲೆ ಆ ಕನಸು ಹಳೆಯದರ ಕಡೆ ತಿರುಗುತ್ತದೆ.

ಹಳೆಯ ಯಂತ್ರ ಸಿಗುವ ವಿಷಯದಲ್ಲಿ ಕರ್ನಾಟಕ ಅದೃಷ್ಟದ ನಾಡು. ಈ ನಾಲ್ಕೂ ಊರುಗಳಿಗೆ ಹತ್ತಿರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅದರ ಟರ್ನ್‌ಮಾಸ್ಟರ್ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ಈಗಲೂ ತಿರುಗುತ್ತಿವೆ. ಕಾರ್ಖಾನೆ ಮುಚ್ಚಿದರೂ ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂಬ ಹೆಸರು ಉಳಿದಿದೆ. ಆದರೆ ಹರಿಹರದ ಹೆಸರು ಲೇತಿನದು. ಮಿಲ್ಲಿಂಗ್ ಯಂತ್ರದ ಕತೆ ಬೆಂಗಳೂರಿನದು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಆರಂಭವಾಯಿತು. ಲೇತಿನ ಬೆನ್ನಿಗೇ ಅದು ಜರ್ಮನಿಯ ಫ್ರಿಟ್ಜ್ ವರ್ನರ್ ಕಂಪನಿಯ ವಿನ್ಯಾಸ ಪಡೆದು ಮಿಲ್ಲಿಂಗ್ ಯಂತ್ರ ಮಾಡಿತು. 1961ರಲ್ಲಿ ಅದೇ ಜರ್ಮನ್ ಕಂಪನಿಯ ಪಾಲುದಾರಿಕೆಯಲ್ಲಿ ಭಾರತ್ ಫ್ರಿಟ್ಜ್ ವರ್ನರ್, ಅಂದರೆ ಬಿಎಫ್‌ಡಬ್ಲ್ಯು, ಯಶವಂತಪುರದಲ್ಲಿ ಶುರುವಾಯಿತು. ಮರುವರ್ಷ, 1962ರಲ್ಲಿ, ಯಂತ್ರೋಪಕರಣಗಳ ಸಂಶೋಧನೆಗೆಂದೇ ತುಮಕೂರು ರಸ್ತೆಯಲ್ಲಿ ಸಿಎಂಟಿಐ ಸಂಸ್ಥೆ ಬಂತು. ಹೀಗೆ ಒಂದೇ ದಶಕದೊಳಗೆ ಬೆಂಗಳೂರಿನ ಉತ್ತರದಂಚು ದೇಶದ ಯಂತ್ರೋಪಕರಣದ ತವರಾಯಿತು. ಮುಂದೆ ಕಾರ್ಖಾನೆಗಳು ಕಂಪ್ಯೂಟರ್ ನಡೆಸುವ ಯಂತ್ರಗಳಿಗೆ ದಾಟಿದಾಗ ಕೈಚಕ್ರದ ಮಿಲ್ಲಿಂಗ್ ಯಂತ್ರಗಳು ಪೀಣ್ಯದ ಸೆಕೆಂಡ್‌ಹ್ಯಾಂಡ್ ಗೋದಾಮುಗಳಿಗೂ ಹರಾಜಿಗೂ ಇಳಿದವು. ಸರ್ಕಾರಿ ಕಾರ್ಖಾನೆಗಳ ಹಳೇ ಸಾಮಾನು ಕೇಂದ್ರ ಸರ್ಕಾರದ ಸಂಸ್ಥೆ ಎಂಎಸ್‌ಟಿಸಿಯ ಇ-ಹರಾಜಿನಲ್ಲೂ ಬರುತ್ತದೆ.

ಕೊಳ್ಳುವವರ ಮುಂದೆ ಮುಖ್ಯವಾಗಿ ಎರಡು ಜಾತಿಯ ಯಂತ್ರಗಳಿವೆ. ಮೊದಲನೆಯದು ಎಚ್‌ಎಂಟಿಯ ಎಫ್‌ಎನ್2ವಿ ಬಗೆಯದು. ಹೆಸರಿನ ಕೊನೆಯ ಅಕ್ಷರ ವರ್ಟಿಕಲ್ ಎಂಬುದರ ಗುರುತು, ಅದೇ ಸರಣಿಯ ಎಚ್ ಎಂದರೆ ಹಾರಿಜಾಂಟಲ್, ಯು ಎಂದರೆ ಯೂನಿವರ್ಸಲ್. ಒಳಗೆಲ್ಲ ಗೇರು, ಮೇಜಿಗೆ ತಾನಾಗಿ ಸರಿಯುವ ಪವರ್ ಫೀಡ್, ಎರಡು ಟನ್ನಿಗೂ ಮೀರಿದ ತೂಕ. ಉಕ್ಕನ್ನು ದಪ್ಪದಪ್ಪವಾಗಿ ಕೆರೆದು ತೆಗೆಯಲು ಹುಟ್ಟಿದ ಯಂತ್ರ ಇದು. ಎರಡನೆಯದು ಟರೆಟ್ ಮಿಲ್ಲಿಂಗ್. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಊರಿನಲ್ಲಿ ರುಡಾಲ್ಫ್ ಬ್ಯಾನೋ, ಮ್ಯಾಗ್ನಸ್ ವಾಲ್‌ಸ್ಟ್ರಾಮ್ ಎಂಬಿಬ್ಬರು 1938ರಲ್ಲಿ ಮಾರಾಟಕ್ಕೆ ತಂದ ರೂಪ ಅದು. ತಲೆಯನ್ನು ಎಡಬಲಕ್ಕೆ ವಾಲಿಸಬಹುದು, ತಲೆ ಹೊತ್ತ ತೋಳನ್ನು ಮುಂದೆ ಹಿಂದೆ ಎಳೆಯಬಹುದು, ಕಟ್ಟರ್ ಹಿಡಿದು ತಿರುಗುವ ಸ್ಪಿಂಡಲನ್ನು ಡ್ರಿಲ್ಲಿಂಗ್ ಯಂತ್ರದಂತೆ ಹಿಡಿಕೆಯಿಂದ ಕೆಳಗಿಳಿಸಬಹುದು. ತೂಕ ಒಂದು ಟನ್ನಿನ ಆಸುಪಾಸು, ಮೋಟಾರು ಒಂದರಿಂದ ಮೂರು ಎಚ್‌ಪಿ. ಇದರ ನಕಲುಗಳು ಜಗತ್ತಿನೆಲ್ಲೆಡೆ ಆಗಿವೆ. ಭಾರತದ ಪೇಟೆಯಲ್ಲಿ ಎಂ1ಟಿಆರ್ ಎಂಬ ಹೆಸರಲ್ಲಿ ಕೇಳಿದರೆ ಸಿಗುವುದು ಈ ಬಗೆಯದೇ. ಹಿತ್ತಲ ಶೆಡ್ಡಿಗೆ ಎರಡನೆಯದೇ ಸರಿ. ಮೊದಲನೆಯದು ಗಟ್ಟಿ ನಿಜ, ಆದರೆ ಅದರ ಹಸಿವೂ ದೊಡ್ಡದು: ಜಾಗ, ಕರೆಂಟು, ಅಡಿಪಾಯ ಎಲ್ಲವೂ ಹೆಚ್ಚು ಬೇಕು. ಅಗ್ಗಕ್ಕೆ ಸಿಕ್ಕಿತೆಂದು ತಂದು ಶೆಡ್ಡಿನ ಬಾಗಿಲಲ್ಲಿ ಹಿಡಿಸದೆ ಟಾರ್ಪಾಲಿನಡಿ ನೆನೆಯುವುದು ಹೆಚ್ಚಾಗಿ ಈ ಜಾತಿಯೇ.

ಹಳೇ ಯಂತ್ರದಲ್ಲಿ ಕೊಳ್ಳುವುದು ಅದರ ಬೀಡನ್ನು, ಅಂದರೆ ಎರಕದ ಮೈಯನ್ನು. ಮೋಟಾರು, ಬೇರಿಂಗು, ಬೆಲ್ಟು, ಸ್ಕ್ರೂ ಎಲ್ಲವನ್ನೂ ಬದಲಿಸಬಹುದು. ಬೀಡಿನಲ್ಲಿ ಎರೆದು ಸಾಣೆ ಹಿಡಿದ ಜಾರುಮೈ, ಅಂದರೆ ಮೇಜು ಸರಿಯುವ ಹಾದಿ, ಸವೆದಿದ್ದರೆ ಅದನ್ನು ಸರಿಮಾಡಿಸುವ ಖರ್ಚು ಎಷ್ಟೋ ಸಲ ಯಂತ್ರದ ಬೆಲೆಯನ್ನೇ ಮೀರುತ್ತದೆ. ಹೊಸ ಬಣ್ಣಕ್ಕೆ ಮರುಳಾಗಬಾರದು. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಕೋಡಿಗೆ ಬಳಿದ ಬಣ್ಣ ನೋಡುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಮಿಲ್ಲಿಂಗ್ ಯಂತ್ರದ ಹಲ್ಲು ಇರುವುದು ಮೇಜಿನ ಅಡಿಯಲ್ಲಿ. ಒಳ್ಳೆಯ ಜಾರುಮೈಯನ್ನು ಕೈಯಿಂದ ಸ್ಕ್ರೇಪ್ ಮಾಡಿರುತ್ತಾರೆ. ಎಣ್ಣೆ ಹಿಡಿದಿಡುವ ಸಣ್ಣ ಸಣ್ಣ ಅರ್ಧಚಂದ್ರದ ಗುರುತುಗಳು ಉದ್ದಕ್ಕೂ ಕಾಣಬೇಕು. ತುದಿಗಳಲ್ಲಿ ಗುರುತಿದ್ದು ನಡುವೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅಲ್ಲಿ ಸವೆದಿದೆ ಎಂದೇ ಅರ್ಥ. ಮಾರುವವರು ಗುರುತುಗಳನ್ನು ಮತ್ತೆ ಗೀಚಿಸುವುದೂ ಉಂಟು. ಆದ್ದರಿಂದ ಕಣ್ಣಿನ ಸಾಕ್ಷಿ ಸಾಲದು, ಕೈಯ ಸಾಕ್ಷಿಯೂ ಬೇಕು. ಮೇಜನ್ನು ನಡುವಿಗೆ ತಂದು ಗಿಬ್ಬನ್ನು, ಅಂದರೆ ಸಡಿಲ ತೆಗೆಯುವ ಓರೆಪಟ್ಟಿಯನ್ನು, ಹದವಾಗಿ ಬಿಗಿದು ಕೈಚಕ್ರವನ್ನು ತುದಿಯವರೆಗೆ ತಿರುಗಿಸಬೇಕು. ತುದಿಯಲ್ಲಿ ಚಕ್ರ ಬಿಗಿಯಾಗುತ್ತಾ ಹೋದರೆ ನಡುಭಾಗ ಸವೆದಿದೆ. ಸ್ವಲ್ಪ ಬಿಗಿಯಾದರೆ ಸಹಿಸಬಹುದು. ಪೂರಾ ನಿಂತೇ ಹೋದರೆ ಅಂಥ ಯಂತ್ರಕ್ಕೆ ಗುಜರಿಯ ತೂಕದ ಬೆಲೆಗಿಂತ ಹೆಚ್ಚು ಕೊಡಬೇಕಿಲ್ಲ.

ಮುಂದಿನದು ಡಯಲ್ ಗೇಜಿನ ಕೆಲಸ. ಮ್ಯಾಗ್ನೆಟಿಕ್ ಸ್ಟ್ಯಾಂಡಿನೊಂದಿಗೆ ಇದನ್ನು ಜೊತೆಗೇ ಒಯ್ಯಬೇಕು. ಅದನ್ನು ಹಚ್ಚಿ ನೋಡಲು ಒಪ್ಪದವರ ಬಳಿ ವ್ಯಾಪಾರವೇ ಬೇಡ. ಸ್ಪಿಂಡಲಿನ ಒಳಗಿನ ಶಂಕುವಿಗೆ ಮುಳ್ಳು ತಾಗಿಸಿ ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿದರೆ ಮುಳ್ಳಿನ ಓಟ ಮಿಲಿಮೀಟರಿನ ನೂರನೇ ಒಂದು ಭಾಗದ ಆಚೀಚೆ ಇರಬೇಕು. ಸ್ಪಿಂಡಲಿನಡಿ ಮರದ ತುಂಡಿಟ್ಟು ಮೀಟಿದರೆ ಬೇರಿಂಗಿನ ಸಡಿಲ ಮುಳ್ಳಿನಲ್ಲಿ ಕಾಣುತ್ತದೆ. ಮೋಟಾರು ಹಾಕಿ ಅತಿ ವೇಗದಲ್ಲಿ ಕಾಲು ಗಂಟೆ ಓಡಿಸಿ ತಲೆಯನ್ನು ಮುಟ್ಟಿ ನೋಡಬೇಕು: ಬೆಚ್ಚಗಾಗುವುದು ಸಹಜ, ಕೈ ಇಡಲಾರದಷ್ಟು ಬಿಸಿಯಾಗುವುದು ದೋಷ. ಸ್ಕ್ರೂವಿನ ಸಡಿಲ, ವರ್ಕ್‌ಶಾಪಿನವರು ಬ್ಯಾಕ್‌ಲ್ಯಾಶ್ ಎನ್ನುವುದು, ಕೈಚಕ್ರವನ್ನು ಹಿಂದುಮುಂದು ತಿರುಗಿಸಿದರೆ ತಿಳಿಯುತ್ತದೆ. ಹಳೆಯದರಲ್ಲಿ ಕಾಲು ಮಿಲಿಮೀಟರ್ ಇದ್ದರೆ ಗಾಬರಿ ಬೇಕಿಲ್ಲ. ಹಿತ್ತಾಳೆ ಬಣ್ಣದ ನಟ್ಟು ಬದಲಾಯಿಸಬಹುದಾದ ವಸ್ತು. ಯಂತ್ರಗಳನ್ನು ಹೀಗೆ ಕ್ರಮವಾಗಿ ಪರೀಕ್ಷಿಸುವ ಪದ್ಧತಿಗೆ ಜರ್ಮನಿಯ ಪ್ರೊಫೆಸರ್ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಪುಸ್ತಕರೂಪ ಕೊಟ್ಟ. ಕಾರ್ಖಾನೆಯಿಂದ ಹೊರಡುವ ಪ್ರತಿ ಯಂತ್ರದ ಜೊತೆ ಪರೀಕ್ಷಾ ಪಟ್ಟಿ ಕೊಡುವ ರೂಢಿ ಬೆಳೆದದ್ದು ಅಲ್ಲಿಂದ. ಹಳೇ ಯಂತ್ರದ ಜೊತೆ ಆ ಹಾಳೆ ಸಿಕ್ಕರೆ ಅದನ್ನು ಜೋಪಾನ ಮಾಡಬೇಕು. ಮುಂದಿನ ರಿಪೇರಿಗೆ ಅದೇ ಗುರಿ.

ಐಟಿಐ, ಪಾಲಿಟೆಕ್ನಿಕ್‌ಗಳಿಂದ ಬರುವ ಯಂತ್ರಗಳದ್ದು ಬೇರೆಯೇ ಜಾತಕ. ದಿನಕ್ಕೆ ಒಂದೆರಡು ಗಂಟೆ ಓಡಿರುವುದರಿಂದ ಜಾರುಮೈ ಎಳೆಯದಾಗಿಯೇ ಇರುತ್ತದೆ, ಮೇಜಿನ ಮೇಲೆ ಮಾತ್ರ ತಲೆಮಾರುಗಳ ವಿದ್ಯಾರ್ಥಿಗಳ ಡ್ರಿಲ್ ಕಚ್ಚಿದ ಗುಳಿಗಳು. ಗುಳಿ ನೋಡಲು ಕುರೂಪ, ವೈಸಿನಡಿ ಮುಚ್ಚಿಹೋಗುತ್ತದೆ. ಅಳತೆಗೆ ತೊಂದರೆ ಗುಳಿಯಿಂದಲ್ಲ, ಅದರ ಅಂಚಿನಲ್ಲಿ ಎದ್ದ ಬರ್‌ನಿಂದ. ಎಣ್ಣೆಕಲ್ಲಿನಿಂದ ಉಜ್ಜಿದರೆ ಅದು ಹೋಗುತ್ತದೆ.

ಬೆಂಗಳೂರಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 260 ಕಿ.ಮೀ. ಲಾರಿಯ ದಾರಿ ಸಲೀಸು. ಕಷ್ಟವೆಲ್ಲ ಕೊನೆಯ ಐವತ್ತು ಅಡಿಯದು. ಟರೆಟ್ ಯಂತ್ರ ತಲೆಭಾರದ್ದು. ಸಾಗಿಸುವ ಮೊದಲು ಮೇಜನ್ನು ಪೂರಾ ಕೆಳಗಿಳಿಸಿ, ತೋಳನ್ನು ಒಳಕ್ಕೆ ಎಳೆದು, ತಲೆಯನ್ನು ತಲೆಕೆಳಗಾಗಿ ತಿರುಗಿಸಿ ಬಿಗಿದರೆ ಭಾರ ನಡುವಿಗೆ ಬರುತ್ತದೆ. ಇಳಿಸಲು ಕ್ರೇನ್, ಅದು ಒಳಹೋಗದ ಕಡೆ ಚೈನ್ ಪುಲ್ಲಿ, ನೆಲದ ಮೇಲೆ ಸರಿಸಲು ಮೂರು ನಾಲ್ಕು ಕಬ್ಬಿಣದ ಪೈಪು ಮತ್ತು ಹಾರೆ. ಕಡಪ ಕಲ್ಲು ಹಾಸಿದ ನೆಲ ಒಂದು ಟನ್ ತೂಕದಡಿ ಬಿರುಕು ಬಿಡುತ್ತದೆ. ಆರು ಇಂಚಿನ ಕಾಂಕ್ರೀಟು ಬೇಕು. ಎರೆಮಣ್ಣಿನ ಜಾಗದಲ್ಲಿ ಇನ್ನೊಂದು ತಾಪತ್ರಯವಿದೆ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಜೊತೆ ನೆಲವೂ ಮಿಸುಕುತ್ತದೆ. ಅಂಥ ಕಡೆ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿದ ಮೇಲೆಯೇ ಕಾಂಕ್ರೀಟು ಹಾಕಬೇಕು, ವರ್ಷಕ್ಕೆರಡು ಸಲ ಲೆವೆಲ್ ನೋಡಬೇಕು. ಗಾರೆ ಕೆಲಸದ ರಸಮಟ್ಟ ಇದಕ್ಕೆ ಸಾಲದು, ಮೀಟರಿಗೆ 0.02 ಮಿ.ಮೀ. ವ್ಯತ್ಯಾಸ ತೋರಿಸುವ ಯಂತ್ರದ ಲೆವೆಲ್ ಬೇರೆಯೇ ಇದೆ.

ಕರೆಂಟಿನ ಪ್ರಶ್ನೆಗೆ ಬಂದರೆ, ಮನೆಗೆ ಬರುವುದು 230 ವೋಲ್ಟಿನ ಸಿಂಗಲ್ ಫೇಸು, ಯಂತ್ರದ ಮೋಟಾರು 415 ವೋಲ್ಟಿನ ತ್ರೀ ಫೇಸು. ಹೊರಗಿನ ಜಾಬು ಮಾಡಿ ಹಣ ಪಡೆಯುವವರಿಗೆ ಬೆಸ್ಕಾಂನಿಂದ ಎಲ್‌ಟಿ-5 ಕೈಗಾರಿಕಾ ಸಂಪರ್ಕ ಪಡೆಯುವುದೇ ನೇರ ದಾರಿ. ಸ್ವಂತದ ಹವ್ಯಾಸಕ್ಕಾದರೆ ವಿಎಫ್‌ಡಿ ಎಂಬ ಪೆಟ್ಟಿಗೆ ಸಾಕು: ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು ತ್ರೀ ಫೇಸ್ ಹೊರಗೆ ಕೊಡುತ್ತದೆ, ವೇಗವನ್ನೂ ಗುಂಡಿಯಿಂದ ಏರಿಳಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಈ ಪೆಟ್ಟಿಗೆ ಹೊರಗೆ ಕೊಡುವುದೂ 230 ವೋಲ್ಟನ್ನೇ. ಭಾರತದಲ್ಲಿ 2 ಎಚ್‌ಪಿವರೆಗಿನ ಮೋಟಾರುಗಳನ್ನು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಕಟ್ಟುತ್ತಾರೆ. ಸುರುಳಿಗಳ ಆರೂ ತುದಿಗಳು ಟರ್ಮಿನಲ್ ಪೆಟ್ಟಿಗೆಗೆ ಬಂದಿದ್ದರೆ ಪಟ್ಟಿ ಬದಲಿಸಿ ಡೆಲ್ಟಾ ಮಾಡಿದರೆ ಅದೇ ಮೋಟಾರು 230ರ ಆಸುಪಾಸಿನಲ್ಲಿ ಪೂರ್ಣ ಬಲದಿಂದ ಓಡುತ್ತದೆ. ಅದಕ್ಕಿಂತ ದೊಡ್ಡ ಮೋಟಾರುಗಳು 415ಕ್ಕೇ ಡೆಲ್ಟಾ ಆಗಿರುತ್ತವೆ. ಅವಕ್ಕೆ ಈ ಉಪಾಯ ಒದಗದು. ಕೊಳ್ಳುವ ಮುನ್ನ ಮೋಟಾರಿನ ತಗಡು ಫಲಕ ಓದಬೇಕಾದದ್ದು ಇದಕ್ಕಾಗಿ. 2 ಎಚ್‌ಪಿ ಮೋಟಾರು ಪೂರ್ಣ ಭಾರದಲ್ಲಿ ಸಿಂಗಲ್ ಫೇಸಿನಿಂದ 15 ಆಂಪಿಯರ್ ಆಸುಪಾಸು ಎಳೆಯುತ್ತದೆ, ಹಾಗಾಗಿ ಮೀಟರಿನಿಂದ ಶೆಡ್ಡಿಗೆ ಬೇರೆಯೇ ದಪ್ಪ ವೈರು, ಬೇರೆ ಎಂಸಿಬಿ, ಒಳ್ಳೆಯ ಅರ್ಥಿಂಗ್ ಬೇಕು. ಪಂಪ್‌ಸೆಟ್ಟನ್ನು ಎರಡು ಫೇಸಿನಲ್ಲಿ ಎಬ್ಬಿಸಲು ಬಳಸುವ ಕೆಪಾಸಿಟರ್ ಪೆಟ್ಟಿಗೆಯನ್ನು ಇಲ್ಲಿಗೂ ತರುವ ಯೋಚನೆ ಸುಲಭವಾಗಿ ಬರುತ್ತದೆ. ನೀರೆತ್ತಲು ಅದು ನಡೆದೀತು. ಇಲ್ಲಿ ಮೋಟಾರು ಗುರುಗುಟ್ಟಿ ಆ ನಡುಕ ಜಾಬಿನ ಮೈಮೇಲೆ ಗೆರೆಯಾಗಿ ಮೂಡುತ್ತದೆ. ವಿಎಫ್‌ಡಿಯಲ್ಲಿ ವೇಗವನ್ನು ತೀರ ತಗ್ಗಿಸಿದರೆ ಬಲವೂ ಸಾಲದು, ಮೋಟಾರಿನ ಫ್ಯಾನೂ ಸಾಕಷ್ಟು ಗಾಳಿ ಬೀಸದು. ಆದ್ದರಿಂದ ದೊಡ್ಡ ಹೊಂದಾಣಿಕೆಗೆ ಬೆಲ್ಟನ್ನೇ ಬದಲಿಸಿ, ಸಣ್ಣದಕ್ಕೆ ಮಾತ್ರ ಗುಂಡಿ ಮುಟ್ಟುವುದು ಲೇಸು.

ಯಂತ್ರ ಕೂತ ಮೇಲಿನ ಮೊದಲ ಸುಧಾರಣೆಗೆ ಹೆಚ್ಚು ದುಡ್ಡು ಬೇಡ, ಸೀಮೆಎಣ್ಣೆ, ಬಟ್ಟೆ, ತಾಳ್ಮೆ ಬೇಕು. ಮೇಜನ್ನು ಹೊರಗೆಳೆದು ವರ್ಷಗಳ ಜಿಡ್ಡು ತೆಗೆದರೆ ಅರ್ಧದಷ್ಟು ಕಾಯಿಲೆಗಳು ಅಲ್ಲೇ ವಾಸಿಯಾಗುತ್ತವೆ. ಎಣ್ಣೆ ಹರಿಯುವ ಸಣ್ಣ ಕೊಳವೆಗಳು ಕಟ್ಟಿಹೋಗಿರುವುದು ತೀರ ಸಾಮಾನ್ಯ. ಜಾರುಮೈ ಸವೆದದ್ದಕ್ಕೆ ಮೂಲಕಾರಣವೂ ಬಹುಪಾಲು ಅದೇ. ಜಾರುಮೈಗೆ 68 ದರ್ಜೆಯ ಸ್ಲೈಡ್‌ವೇ ಎಣ್ಣೆ ಹಾಕಬೇಕು, ಗಾಡಿಯ ಎಂಜಿನ್ ಎಣ್ಣೆಯಲ್ಲ. ಬಳಿಕ ತಲೆಯನ್ನು ಮೇಜಿಗೆ ಲಂಬವಾಗಿ ನಿಲ್ಲಿಸುವ ಕೆಲಸ. ಸ್ಪಿಂಡಲಿಗೆ ಡಯಲ್ ಕಟ್ಟಿ ಮೇಜಿನ ಮೇಲೆ 200 ಮಿ.ಮೀ. ವ್ಯಾಸದ ಸುತ್ತು ಹಾಕಿದರೆ ನಾಲ್ಕೂ ದಿಕ್ಕಿನಲ್ಲಿ ಮುಳ್ಳು 0.02 ಮಿ.ಮೀ. ಒಳಗೆ ನಿಲ್ಲಬೇಕು. ಇದಾಗದೆ ಮಾಡಿದ ಚಪ್ಪಟೆ ಮೈ ಬೆರಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ.

ಹಣ ಕೊಟ್ಟು ಮಾಡುವ ಸುಧಾರಣೆಗಳಲ್ಲಿ ಮೊದಲ ಮಣೆ ಡಿಆರ್‌ಒಗೆ, ಅಂದರೆ ಅಳತೆಯನ್ನು ಅಂಕಿಯಲ್ಲಿ ತೋರಿಸುವ ಉಪಕರಣಕ್ಕೆ, ಸಲ್ಲಬೇಕು. ಮೇಜಿನ ಬದಿಗೆ ಗಾಜಿನ ಸ್ಕೇಲು ಕೂರಿಸುತ್ತಾರೆ, ಅದರ ಮೇಲಿನ ಸೂಕ್ಷ್ಮ ಗೆರೆಗಳನ್ನು ಬೆಳಕಿನ ಕಣ್ಣು ಎಣಿಸುತ್ತದೆ. ಸಾಮಾನ್ಯ ದರ್ಜೆಯದೂ 0.005 ಮಿ.ಮೀ. ಹೆಜ್ಜೆಯಲ್ಲಿ ಓದುತ್ತದೆ. ಕೈಚಕ್ರದ ಅಂಕಿ ಹೇಳುವುದು ಸ್ಕ್ರೂ ಎಷ್ಟು ತಿರುಗಿತು ಎಂಬುದನ್ನು. ಡಿಆರ್‌ಒ ಹೇಳುವುದು ಮೇಜು ಎಷ್ಟು ಸರಿಯಿತು ಎಂಬುದನ್ನು. ಹೀಗಾಗಿ ಸವೆದ ಸ್ಕ್ರೂವಿನ ಸುಳ್ಳು ಅಳತೆಗೆ ಅಂಟುವುದಿಲ್ಲ. ಪುಲ್ಲಿಯ ಸುತ್ತ ಆರು ತೂತು ಕೊರೆಯುವುದಿದ್ದರೆ ವೃತ್ತದ ವ್ಯಾಸ ಕೊಟ್ಟರೆ ಸಾಕು, ಪ್ರತಿ ತೂತಿನ ಜಾಗ ಅದೇ ಲೆಕ್ಕ ಹಾಕುತ್ತದೆ. ಅಳತೆಯ ಸುಳ್ಳು ಹೋದರೂ ಸ್ಕ್ರೂವಿನ ಸಡಿಲ ಹೋಗುವುದಿಲ್ಲ ಎಂಬುದು ನೆನಪಿರಬೇಕು. ಕಟ್ಟರ್ ತಿರುಗುವ ದಿಕ್ಕಿಗೇ ಮೇಜನ್ನೂ ನಡೆಸಿದರೆ ಕಟ್ಟರ್ ಆ ಸಡಿಲದಷ್ಟು ಜಾಬನ್ನು ಒಮ್ಮೆಲೇ ಸೆಳೆದುಕೊಂಡು ಹಲ್ಲು ಮುರಿದುಕೊಳ್ಳುತ್ತದೆ. ಹಳೇ ಯಂತ್ರದಲ್ಲಿ ಎದುರು ದಿಕ್ಕಿನ ಕೊರೆತವೇ ಕ್ಷೇಮ.

ಯಂತ್ರವನ್ನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವಂಥದು, ಮಾಡಿಸುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಸಾಮಾನ್ಯ ಸ್ಕ್ರೂ ತೆಗೆದು ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ, ಕೈಚಕ್ರದ ಜಾಗಕ್ಕೆ ಸರ್ವೋ ಮೋಟಾರು, ಒಂದು ಕಂಪ್ಯೂಟರು, ಹಣ ಕೊಡದೆ ಸಿಗುವ ಲಿನಕ್ಸ್‌ಸಿಎನ್‌ಸಿಯಂಥ ತಂತ್ರಾಂಶ, ಲೆಕ್ಕಕ್ಕೆ ಇಷ್ಟೇ. ಜಾರುಮೈ ಸವೆದ ಯಂತ್ರವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಅದು ಅದೇ ತಪ್ಪನ್ನು ಬೇಗ ಬೇಗ ಮಾಡುತ್ತದೆ, ಅಷ್ಟೇ. ಬಾಲ್ ಸ್ಕ್ರೂ ತಾನಾಗಿ ಬಿಗಿದು ನಿಲ್ಲುವುದಿಲ್ಲವಾದ್ದರಿಂದ ಕೈಯಿಂದ ನಡೆಸುವ ಸುಖವೂ ಹೋಗುತ್ತದೆ. ದಿನಕ್ಕೊಂದು ಬಗೆಯ ರಿಪೇರಿ ಬರುವ ಶೆಡ್ಡಿಗೆ ಡಿಆರ್‌ಒ ಮತ್ತು ಮೇಜಿಗೊಂದು ಪವರ್ ಫೀಡ್ ಸಾಕು. ಒಂದೇ ಮಾದರಿಯ ಭಾಗವನ್ನು ನೂರರ ಲೆಕ್ಕದಲ್ಲಿ ಮಾಡಬೇಕಾದಾಗಷ್ಟೇ ಸಿಎನ್‌ಸಿಯ ಮಾತು ಬರುತ್ತದೆ.

ಯಂತ್ರದ ಬೆಲೆಯ ಮೇಲೆ ಕಟ್ಟರು, ಹಿಡಿಕೆಗಳ ಖರ್ಚು ಮೆಲ್ಲಗೆ ಏರುತ್ತದೆ. ಬ್ರಿಜ್‌ಪೋರ್ಟ್ ಬಗೆಯ ಸ್ಪಿಂಡಲಿಗೆ ಹೆಚ್ಚಾಗಿ ಆರ್8, ದೊಡ್ಡ ಯಂತ್ರಗಳಿಗೆ ಐಎಸ್‌ಒ ಸರಣಿಯ ಶಂಕು ಬೇಕು. ಎರಡೂ ಪೇಟೆಯಲ್ಲಿ ಸಿಗುತ್ತವೆ. ಬೇರೆ ಯಾವುದೋ ವಿಚಿತ್ರ ಶಂಕುವಿನ ಯಂತ್ರ ಎಷ್ಟು ಅಗ್ಗವಾದರೂ ಬಿಡುವುದೇ ಜಾಣತನ. ಇಆರ್32 ಕೊಲೆಟ್ ಸೆಟ್, ಗಟ್ಟಿಯಾದ ವೈಸ್, ಬೋರಿಂಗ್ ಹೆಡ್, ನಾಲ್ಕಾರು ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಎಂಡ್‌ಮಿಲ್ ಇದ್ದರೆ ಕೆಲಸ ಶುರುವಾಗುತ್ತದೆ. ಮೆದು ಉಕ್ಕಿನಲ್ಲಿ 10 ಮಿ.ಮೀ. ಎಚ್‌ಎಸ್‌ಎಸ್ ಕಟ್ಟರಿಗೆ ನಿಮಿಷಕ್ಕೆ 800 ಸುತ್ತಿನ ಆಸುಪಾಸು ಸರಿ. ಕಟ್ಟರಿನ ವ್ಯಾಸ ಎರಡರಷ್ಟಾದರೆ ಸುತ್ತು ಅರ್ಧ. ಇವೆಲ್ಲ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಕೈಪಳಗಿಸಿಕೊಳ್ಳಬೇಕೆನ್ನುವ ಹುಡುಗರಿಗೆ ಐಟಿಐಗಳ ಜೊತೆಗೆ ಹರಿಹರದಲ್ಲೇ ಸರ್ಕಾರದ ಟೂಲ್‌ರೂಮ್ ತರಬೇತಿ ಕೇಂದ್ರ, ಜಿಟಿಟಿಸಿ, ಇದೆ. ಯಂತ್ರದ ಬಳಿ ಕೈಗವಸು, ಸಡಿಲ ತೋಳಿನ ಅಂಗಿ, ಪಂಚೆ, ಟವೆಲ್ಲು ಯಾವುದೂ ಸಲ್ಲದು ಎಂಬುದನ್ನು ಅಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ಕಟ್ಟರಿನ ಹಿಡಿಕೆಯನ್ನು ಬಿಗಿಯುವ, ತಲೆಯ ಮೇಲಿನ ಡ್ರಾಬಾರಿಗೆ ಹಾಕಿದ ಸ್ಪ್ಯಾನರನ್ನು ತೆಗೆಯದೆ ಸ್ವಿಚ್ ಒತ್ತುವುದು ಹೊಸಬರ ಮಾಮೂಲಿ ತಪ್ಪು.

ಯಂತ್ರದ ಆರೈಕೆ ಊರಿನ ಹವೆಗೆ ತಕ್ಕಂತೆ ಬದಲಾಗುತ್ತದೆ. ಮಲೆನಾಡಿಗೆ ಆತುಕೊಂಡ ನ್ಯಾಮತಿ, ಚನ್ನಗಿರಿಯ ಕಡೆ ಶತ್ರು ತೇವ. ಮಳೆ ಹಿಡಿದ ವಾರದಲ್ಲಿ ಎಣ್ಣೆ ಸವರದ ಮೇಜಿನ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕಂದು ಚುಕ್ಕೆ ಏಳುತ್ತದೆ. ಶೀಟಿನ ಮಾಡಿನಡಿ ಬೆಳಗಿನ ಜಾವ ಬೆವರಿದ ಹನಿ ನೇರವಾಗಿ ಬೀಡಿನ ಮೇಲೆ ತೊಟ್ಟಿಕ್ಕುತ್ತದೆ. ಮಾಡಿನಡಿ ಒಂದು ಅಟ್ಟವೋ ಥರ್ಮೋಕೋಲ್ ಹಾಳೆಯೋ ಇದ್ದರೆ ಈ ಹನಿ ನಿಲ್ಲುತ್ತದೆ. ಯಂತ್ರವನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿದು ಕೇಡು ಹೆಚ್ಚುತ್ತದೆ. ಉಸಿರಾಡುವ ಹತ್ತಿಬಟ್ಟೆಯೇ ಸರಿ. ಜಗಳೂರಿನ ಬಯಲಿನಲ್ಲಿ ತುಕ್ಕಿನ ಭಯ ಕಡಿಮೆ, ಧೂಳಿನದು ಹೆಚ್ಚು. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ಗಾಳಿಯಲ್ಲಿ ಹಾರುವ ಹೊಟ್ಟು, ಮಣ್ಣು ಜಾರುಮೈಯ ಎಣ್ಣೆಗೆ ಕೂತು ಸಾಣೆಯ ಮೆತ್ತೆಯಂತಾಗುತ್ತದೆ. ಅಲ್ಲಿ ಜಾರುಮೈಯ ಮೇಲೆ ರಬ್ಬರ್ ಪರದೆ ಇಳಿಬಿಟ್ಟು, ದಿನದ ಕೆಲಸಕ್ಕೆ ಮುನ್ನ ಹಳೇ ಎಣ್ಣೆ ಒರೆಸಿ ಹೊಸದು ಹಾಕಬೇಕು. ಎರಡೂ ಕಡೆ ಸಮಾನವಾದ ನಿಯಮ ಒಂದಿದೆ: ಚಿಪ್ಸನ್ನು, ಅಂದರೆ ಕೊರೆದ ಲೋಹದ ಚೂರುಗಳನ್ನು, ಕಂಪ್ರೆಸರಿನ ಗಾಳಿಯಿಂದ ಊದಬಾರದು. ಊದಿದ ಚೂರು ಹೋಗಿ ಸೇರುವುದು ಮೇಜಿನಡಿಯ ಸಂದಿಗೆ. ಬಣ್ಣ ಬಳಿಯುವ ಎರಡಿಂಚಿನ ಬ್ರಷ್ಷು ಸಾಕು.